ಗೋಡೆಗೆ ಬಳಿದ ಸುಣ್ಣ

ಕೊಣ್ಣೂರೆಂದರೆ ಶಾಸನಪ್ರಿಯರಿಗೆ ಅಮೋಘವರ್ಷನ ಹೆಸರನ್ನೂ ಶಕ ೭೮೨ ಎಂಬ ಕಾಲವನ್ನೂ ಹೊತ್ತ ಕಲ್ಲು ನೆನಪಾಗುತ್ತದೆ. ನನಗಾದರೋ ನೆನಪಾಗುವುದು ಸುಣ್ಣ ಬಳಿದ ಒಂದು ಗೋಡೆ, ಮತ್ತು ನಾನು ಅನ್ಯಾಯವಾಗಿ ಕಳೆದ ಎರಡು ಅಂಕಗಳು.

ಮಲಪ್ರಭೆಯ ದಂಡೆಯ ಆ ಎರೆಸೀಮೆಯಲ್ಲಿ ನಾನು ಕೆಲವು ವರ್ಷ ವಿಜ್ಞಾನದ ಮಾಸ್ತರನಾಗಿದ್ದೆ. ರಾಸಾಯನಿಕ ಕ್ರಿಯೆಗಳನ್ನು ಕಲಿಸುವುದೆಂದರೆ ಹೆಸರುಗಳನ್ನು ಬಾಯಿಪಾಠ ಮಾಡಿಸುವುದೆಂದೇ ನನ್ನ ತಿಳಿವಳಿಕೆ: ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ. ಒಮ್ಮೆ ಪರೀಕ್ಷೆಯಲ್ಲಿ, ಗೋಡೆಗೆ ಬಳಿದ ಸುಣ್ಣ ಒಣಗುವುದು ಎಂಥ ಬದಲಾವಣೆ ಎಂದು ಕೇಳಿದೆ. ಬಟ್ಟೆ ಒಣಗಿದಂತೆ ಸುಣ್ಣವೂ ಒಣಗುತ್ತದೆ, ಆದುದರಿಂದ ಭೌತಿಕ ಬದಲಾವಣೆ, ಎಂಬುದು ನನ್ನ ಎಣಿಕೆ. ಸುಣ್ಣ ಬಳಿಯುವವರ ಮನೆಯ ಹುಡುಗನೊಬ್ಬ 'ರಾಸಾಯನಿಕ' ಎಂದು ಬರೆದಿದ್ದ. ಕೆಂಪು ಗೀಟು ಎಳೆದೆ.

ಹುಡುಗ ಕಾಗದ ಹಿಡಿದು ಬಂದು ಮೆಲ್ಲಗೆ ಹೇಳಿದ: "ಸರ, ಇವತ್ತ ಬಳದ ಸುಣ್ಣಾ ನಾಳೆ ನೀರ ಹಾಕಿ ತಿಕ್ಕಿದ್ರ ಹೋಗ್ತೈತ್ರಿ. ತಿಂಗಳಾದ ಮ್ಯಾಲ ತಿಕ್ಕಿದ್ರ ಹೋಗಂಗಿಲ್ರಿ. ಬರೇ ಒಣಗಿದ್ದಾದ್ರ ಹೋಗಬೇಕಲ್ರೀ?"

ನನ್ನ ಬಾಯಿ ಕಟ್ಟಿತು. ಆ ರಾತ್ರಿ ಪುಸ್ತಕಗಳನ್ನು ಮತ್ತೆ ತೆಗೆದೆ.

ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ೧೭೫೦ರ ದಶಕದಲ್ಲಿ ಮಾಡಿದ್ದು ಇಷ್ಟೇ: ಕಣ್ಣಿಗಿಂತ ತಕ್ಕಡಿಯನ್ನು ಹೆಚ್ಚು ನಂಬಿದ. ನೂರು ತೂಕ ಶುದ್ಧ ಸುಣ್ಣಕಲ್ಲನ್ನು ಭಟ್ಟಿಯಲ್ಲಿ ಸುಮಾರು ೯೦೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ೪೪ ತೂಕ ಇಂಗಾಲದ ಡೈ ಆಕ್ಸೈಡ್ ಹಾರಿಹೋಗಿ ೫೬ ತೂಕ ಸುಟ್ಟ ಸುಣ್ಣ ಉಳಿಯುತ್ತದೆ. ಇದು ವಿಭಜನೆ; ಶಾಖವನ್ನು ನುಂಗುವಂಥದು. ಅದಕ್ಕೆ ೧೮ ತೂಕ ನೀರು ಕೂಡಿದರೆ ಭುಸುಗುಟ್ಟಿ ೭೪ ತೂಕ ಅರಳಿದ ಸುಣ್ಣವಾಗುತ್ತದೆ. ಇದು ಸಂಯೋಗ, ಶಾಖವನ್ನು ಉಗುಳುವಂಥದು. (ಅರಳುವ ಸುಣ್ಣದ ತೊಟ್ಟಿಯೊಳಗೆ ಮಕ್ಕಳು ಇಣುಕಬಾರದೆಂದು ಹಿರಿಯರು ಗದರುವುದು ಸುಮ್ಮನೆ ಅಲ್ಲ, ಸಿಡಿದ ಹನಿ ಕಣ್ಣನ್ನೇ ತೆಗೆದೀತು.) ಆಮೇಲೆ ಗೋಡೆಯ ಮೇಲೆ ಆ ಸುಣ್ಣ ಗಾಳಿಯಲ್ಲಿರುವ ಅದೇ ಅನಿಲವನ್ನು ೪೪ ತೂಕದಷ್ಟು ಮೆಲ್ಲಮೆಲ್ಲನೆ ಹೀರಿ, ೧೮ ತೂಕ ನೀರನ್ನು ಬಿಟ್ಟುಕೊಟ್ಟು, ಮತ್ತೆ ನೂರು ತೂಕ ಕಲ್ಲಾಗುತ್ತದೆ. ಭಟ್ಟಿ ಕಳೆದುದನ್ನು ಗೋಡೆ ಲೆಕ್ಕ ತಪ್ಪದೆ ಮರಳಿ ಪಡೆಯುತ್ತದೆ. ಹುಡುಗ ಹೇಳಿದ್ದು ದಿಟ. ತೇವ ಆರುವುದಷ್ಟೇ ನನಗೆ ಕಂಡಿತ್ತು. ಕಲ್ಲು ಹುಟ್ಟುವುದು ಅವನ ಕೈಗೆ ತಿಳಿದಿತ್ತು.

ಆದರೆ ಈ ಮೂರನೆಯ ಕ್ರಿಯೆಯನ್ನು ನನ್ನ ನಾಲ್ಕು ಗೂಡುಗಳಲ್ಲಿ ಎಲ್ಲಿ ಇಡುವುದು? ಎರಡು ಕೂಡಿದವು, ಸಂಯೋಗವೆನ್ನೋಣವೆಂದರೆ ಹೊರಬಂದದ್ದೂ ಎರಡು. ಆಮ್ಲಗುಣದ ಅನಿಲ ಪ್ರತ್ಯಾಮ್ಲವನ್ನು ಸೇರಿ ಲವಣವೂ ನೀರೂ ಆದುವು. ತಟಸ್ಥೀಕರಣವೆಂಬ ಐದನೆಯ ಹೆಸರೇ ಬೇಕಾಯಿತು. ಇನ್ನು ರಂಟೆಯ ಕುಡಕ್ಕೆ ಹಿಡಿಯುವ ತುಕ್ಕು ಸಂಯೋಗವೂ ಹೌದು, ಉತ್ಕರ್ಷಣವೂ ಹೌದು. ಸುಣ್ಣದ ಈ ಮೂರು ಕ್ರಿಯೆಗಳಲ್ಲಿ ಉತ್ಕರ್ಷಣದ ಸುಳಿವೇ ಇಲ್ಲ. ಹೊಲದ ಬದುವನ್ನು ಹಾಕಿದವರು ನಾವು. ನೆಲಕ್ಕೆ ಅದರ ಅರಿವಿಲ್ಲ.

ಮರುದಿನ ತರಗತಿಗೆ ಹೋಗುವಾಗ ಎರೆಹೊಲದಲ್ಲಿ ಸಿಕ್ಕುವ ಸುಣ್ಣದ ಹರಳುಗಳನ್ನು ಜೇಬಿನಲ್ಲಿ ಹಾಕಿಕೊಂಡು ಹೋದೆ. ನಿಂಬೆಯ ರಸ ಹಿಂಡಿದೊಡನೆ ನೊರೆ ಎದ್ದಿತು. ಮೊದಲು ದ್ವಿಸ್ಥಾನಪಲ್ಲಟ, ಅದರಿಂದ ಹುಟ್ಟಿದ ಕಾರ್ಬಾನಿಕ್ ಆಮ್ಲ ನಿಲ್ಲಲಾರದೆ ಆ ಕ್ಷಣವೇ ನೀರು, ಅನಿಲಗಳಾಗಿ ಒಡೆಯುವುದು ವಿಭಜನೆ. ಒಂದು ನೊರೆಯೊಳಗೆ ಎರಡು ಬಗೆ! ಏನು ಒಳಗೆ ಹೋಯಿತು, ಏನು ಹೊರಗೆ ಬಂದಿತು ಎಂದು ಮೊದಲು ಕೇಳಿರಿ, ಹೆಸರನ್ನು ಆಮೇಲೆ ಇಡಿರಿ, ಎಂದೆ. ಎಲ್ಲರ ಎದುರಿಗೆ ಕೆಂಪು ಗೀಟನ್ನು ಅಳಿಸಿ ಎರಡು ಅಂಕ ಸೇರಿಸಿದೆ.

ಹುಡುಗ ಅಂಕದ ಕಡೆ ನೋಡಲಿಲ್ಲ. ಹಲಗೆಯ ಮೇಲಿನ ಲೆಕ್ಕವನ್ನೇ ದಿಟ್ಟಿಸುತ್ತಿದ್ದ.

"ಹಂಗಾದ್ರ ಸರ, ತೊಟ್ಟ್ಯಾಗ ಸುಣ್ಣಾ ಕುಡದ ನೀರು ಗ್ವಾಡ್ಯಾಗಿಂದ ಹೊಳ್ಳಿ ಬರ್ತೈತೇನ್ರಿ?"

"ಹೌದಪ್ಪಾ," ಎಂದೆ, "ಹದಿನೆಂಟಕ್ಕೆ ಹದಿನೆಂಟು."

ಅವನು ಎದ್ದುಹೋಗಿ, ಆ ವಾರವಷ್ಟೇ ಸುಣ್ಣ ಕಂಡಿದ್ದ ಶಾಲೆಯ ಗೋಡೆಗೆ ಅಂಗೈ ಒತ್ತಿ ನೋಡಿದ.