ಏಕರೂಪ ವಿದ್ಯುತ್‌ಕ್ಷೇತ್ರದಲ್ಲಿ ಆವಿಷ್ಟ ಕಣದ ಚಲನೆ

ಏಕರೂಪವಾದ ವಿದ್ಯುತ್‌ಕ್ಷೇತ್ರವನ್ನು ಅಡ್ಡಲಾಗಿ ಹೊಕ್ಕ ಆವಿಷ್ಟ ಕಣವು ಪರವಲಯದ ಹಾದಿಯನ್ನು ಹಿಡಿಯುತ್ತದೆಂಬುದು ಭೌತವಿಜ್ಞಾನದ ವಿದ್ಯಾರ್ಥಿಗಳೆಲ್ಲರೂ ಬಲ್ಲ ಸಂಗತಿ. ತರಗತಿಯಲ್ಲಿ ಇದನ್ನು ಸಾಧಿಸಿ ತೋರಿಸಲು ಅರ್ಧ ಗಂಟೆ ಸಾಕು. ಆದರೆ 1883ರಲ್ಲಿ ಕ್ಯಾಥೋಡ್ ಕಿರಣಗಳ ಮೇಲೆ ಇದೇ ಪ್ರಯೋಗವನ್ನು ನಡೆಸಿದ ಹೈನ್‌ರಿಖ್ ಹರ್ಟ್ಸನಿಗೆ ಯಾವ ಬಾಗುವಿಕೆಯೂ ಕಾಣಲಿಲ್ಲ. 1897ರಲ್ಲಿ ಜೆ. ಜೆ. ಥಾಮ್ಸನನಿಗೆ ಅದು ಕಂಡಿತು. ಇಬ್ಬರಿಗೂ ತಿಳಿದಿದ್ದ ಚಲನನಿಯಮಗಳು ಒಂದೇ. ಹಾಗಾದರೆ ವ್ಯತ್ಯಾಸವೆಲ್ಲಿ? ಇದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಸಿದ್ಧಾಂತವನ್ನು ನೋಡೋಣ. ಎರಡು ಲೋಹದ ಫಲಕಗಳನ್ನು ಸಮಾಂತರವಾಗಿ ಒಂದರ ಮೇಲೊಂದು ನಿಲ್ಲಿಸಿ, ಅವುಗಳ ನಡುವೆ ವಿಭವಾಂತರವನ್ನು ಒದಗಿಸಿದೆವೆಂದು ಭಾವಿಸೋಣ. ಅಂಚುಗಳನ್ನು ಬಿಟ್ಟರೆ, ನಡುವಣ ಕ್ಷೇತ್ರವು ಎಲ್ಲೆಡೆಯೂ ಒಂದೇ ಪ್ರಮಾಣದ್ದು, ಒಂದೇ ದಿಕ್ಕಿನದು. ಫಲಕಗಳಿಗೆ ಸಮಾಂತರವಾಗಿ ಒಳಹೊಕ್ಕ ಕಣದ ಮೇಲೆ ಮುನ್ನಡೆಯ ದಿಕ್ಕಿನಲ್ಲಿ ಬಲವಿಲ್ಲವಾದ್ದರಿಂದ ಆ ವೇಗ ಬದಲಾಗದು. ಅಡ್ಡ ದಿಕ್ಕಿನಲ್ಲಿ ಮಾತ್ರ ಸ್ಥಿರವಾದ ಬಲ, ಅದರಿಂದ ಸ್ಥಿರವಾದ ವೇಗೋತ್ಕರ್ಷ. ಗುಡ್ಡದ ಮೇಲಿಂದ ಅಡ್ಡಲಾಗಿ ಎಸೆದ ಕಲ್ಲಿನ ಲೆಕ್ಕವೂ ಇದೇ ಬಗೆಯದು.

ಕಣದ ಆವೇಶವನ್ನು ‘ಆ’, ದ್ರವ್ಯರಾಶಿಯನ್ನು ‘ರಾ’, ಕ್ಷೇತ್ರವನ್ನು ‘ಕ್ಷೇ’, ಒಳಹೊಕ್ಕ ವೇಗವನ್ನು ‘ವೇ’, ಫಲಕದ ಉದ್ದವನ್ನು ‘ಉ’ ಎಂದು ಸೂಚಿಸಿದರೆ, ಫಲಕಗಳನ್ನು ದಾಟುವ ಕಾಲ ಉ ÷ ವೇ. ವೇಗೋತ್ಕರ್ಷ ಆ × ಕ್ಷೇ ÷ ರಾ. ಆದ್ದರಿಂದ,

ಪಲ್ಲಟ = (ಆ × ಕ್ಷೇ × ಉ²) ÷ (2 × ರಾ × ವೇ²)

ಒಂದು ಉದಾಹರಣೆ. ಫಲಕದ ಉದ್ದ 5 ಸೆಂಟಿಮೀಟರ್, ನಡುವಣ ಅಂತರ 1.5 ಸೆಂಟಿಮೀಟರ್, ವಿಭವಾಂತರ 150 ವೋಲ್ಟ್ ಆಗಿರಲಿ. ಆಗ ಕ್ಷೇತ್ರವು ಮೀಟರಿಗೆ 10,000 ವೋಲ್ಟ್. ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ 3×10⁷ ಮೀಟರ್ ಎಂದಿಟ್ಟುಕೊಂಡರೆ, ಅದು ಫಲಕಗಳನ್ನು ದಾಟಲು ಒಂದು ಸೆಕೆಂಡಿನ ನೂರುಕೋಟಿಯ ಒಂದು ಭಾಗದ ಸುಮಾರು 1.7ರಷ್ಟು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಅದು ಸರಿಯುವುದು 2.4 ಮಿಲಿಮೀಟರ್, ಹಾದಿ ತಿರುಗುವುದು ಸುಮಾರು 5.6 ಡಿಗ್ರಿ. ಇಲ್ಲಿ ಗುರುತ್ವವನ್ನು ಗಣಿಸಬೇಕಾಗಿಲ್ಲ. ವಿದ್ಯುತ್ತಿನಿಂದಾಗುವ ವೇಗೋತ್ಕರ್ಷವು ಅದರ 10¹⁴ ಮಡಿಗೂ ಮಿಗಿಲು.

ಫಲಕಗಳನ್ನು ದಾಟಿದ ಮೇಲೆ ಬಲವಿಲ್ಲ, ಹಾದಿ ಸರಳರೇಖೆಯಾಗುತ್ತದೆ. ಈ ರೇಖೆಯನ್ನು ಹಿಂದಕ್ಕೆ ಎಳೆದರೆ ಅದು ಕಣದ ಮೂಲಮಾರ್ಗವನ್ನು ಫಲಕಗಳ ನಟ್ಟನಡುವೆ ಸಂಧಿಸುತ್ತದೆ. ಫಲಕದ ತುದಿಯಿಂದ 20 ಸೆಂಟಿಮೀಟರ್ ದೂರದ ತೆರೆಯ ಮೇಲೆ ನಮ್ಮ ಎಲೆಕ್ಟ್ರಾನು 2.2 ಸೆಂಟಿಮೀಟರಿನಷ್ಟು ಸರಿದು ಬೀಳುತ್ತದೆ. ಇದು ಬರಿಗಣ್ಣಿಗೆ ಕಾಣುವ ಅಳತೆ.

ಇಷ್ಟು ಸ್ಫುಟವಾದ ಬಾಗುವಿಕೆ ಹರ್ಟ್ಸನಿಗೆ ಏಕೆ ಕಾಣಲಿಲ್ಲ? ಕಿರಣಗಳು ಆವಿಷ್ಟ ಕಣಗಳಲ್ಲವೆಂದೇ ಅವನು ನಿರ್ಣಯಿಸಿದನು. ಅವು ಈಥರಿನಲ್ಲಿ ಏಳುವ ಕ್ಷೋಭೆಯೆಂಬ ಪಕ್ಷಕ್ಕೆ ಇದರಿಂದ ಬಲ ಬಂದಿತು. 1895ರಲ್ಲಿ ಝಾನ್ ಪೆರಾನನು ಈ ಕಿರಣಗಳು ಋಣಾವೇಶವನ್ನು ಹೊತ್ತು ತರುತ್ತವೆಂದು ತೋರಿಸಿದನು. ಆವೇಶವುಂಟು, ಬಾಗುವಿಕೆಯಿಲ್ಲ ಎಂಬ ವಿರೋಧ ಹಾಗೆಯೇ ಉಳಿಯಿತು.

ಥಾಮ್ಸನನು ಪ್ರಯೋಗವನ್ನು ಮತ್ತೆ ಮಾಡಿದಾಗ ಅವನಿಗೂ ಮೊದಲು ಬಾಗುವಿಕೆ ಕಾಣಲಿಲ್ಲ. ಆದರೆ ನಳಿಗೆಯಲ್ಲಿ ಉಳಿದ ಅನಿಲದ ಮೇಲೆ ಅವನ ಸಂದೇಹ ಬಿದ್ದಿತು. ಕಿರಣಗಳು ಹಾಯ್ದಾಗ ಆ ಅನಿಲವು ವಿದ್ಯುದ್ವಾಹಕವಾಗುತ್ತದೆ. ಧನ ಅಯಾನುಗಳು ಋಣಫಲಕದತ್ತ, ಋಣ ಅಯಾನುಗಳು ಧನಫಲಕದತ್ತ ಸರಿದು ಮುತ್ತಿಕೊಂಡು, ನಡುವಣ ಕ್ಷೇತ್ರವನ್ನು ಅಳಿಸಿಬಿಡುತ್ತವೆ. ನಿರ್ವಾತವನ್ನು ಉತ್ತಮಪಡಿಸುತ್ತ ಹೋದಾಗ, ಒಂದು ಹಂತದಲ್ಲಿ ಬೆಳಕಿನ ಚುಕ್ಕೆಯು ವಿಭವಾಂತರವನ್ನು ಕೊಟ್ಟೊಡನೆ ಸರಿದು, ಬಳಿಕ ಮೆಲ್ಲನೆ ಸ್ವಸ್ಥಾನಕ್ಕೆ ಮರಳಿತು. ಈ ಮರಳುವಿಕೆಯೇ ಊಹೆಗೆ ಸಾಕ್ಷಿ. ನಿರ್ವಾತವು ಇನ್ನೂ ಉತ್ತಮವಾದಾಗ ಬಾಗುವಿಕೆ ಸ್ಥಿರವಾಗಿ ನಿಂತಿತು; ಬರಿಯ 2 ವೋಲ್ಟಿಗೂ ಅದು ಗೋಚರವಾಯಿತು.

ಸೂತ್ರದಲ್ಲಿ ವೇಗ ಹಾಗೂ ಆವೇಶ–ರಾಶಿಗಳ ನಿಷ್ಪತ್ತಿ ಎರಡೂ ಅಜ್ಞಾತ. ಆದ್ದರಿಂದ ಅಷ್ಟೇ ಬಾಗುವಿಕೆಯನ್ನು ಉಂಟುಮಾಡುವ ಕಾಂತಕ್ಷೇತ್ರವನ್ನೂ ಅವನು ಅಳೆದನು. ವಿದ್ಯುತ್‌ಕ್ಷೇತ್ರವನ್ನು ಕಾಂತಕ್ಷೇತ್ರದಿಂದ ಭಾಗಿಸಿದರೆ ವೇಗ ದೊರೆಯುತ್ತದೆ. ಅದರಿಂದ ನಿಷ್ಪತ್ತಿ ದೊರೆಯುತ್ತದೆ. ಈ ವಿಧಾನದಿಂದ ಅವನಿಗೆ ಬಂದ ಬೆಲೆಗಳು ಕಿಲೋಗ್ರಾಮಿಗೆ ಸುಮಾರು 0.7×10¹¹ರಿಂದ 0.9×10¹¹ ಕೂಲಂಬ್. ಇಂದಿನ ನಿಖರವಾದ ಬೆಲೆ 1.759×10¹¹. ಅಳತೆ ಒರಟಾಗಿದ್ದರೂ ತೀರ್ಮಾನ ಅಲುಗಲಿಲ್ಲ: ಜಲಜನಕದ ಅಯಾನಿಗೆ ಈ ನಿಷ್ಪತ್ತಿ 9.6×10⁷ ಮಾತ್ರ. ಪರಮಾಣುವಿಗಿಂತ ಬಹು ಹಗುರವಾದ ಕಣವೊಂದು ಉಂಟೆಂಬ ವಿಚಾರಕ್ಕೆ ಇಲ್ಲಿ ನೆಲೆ ದೊರೆಯಿತು.

ಹರ್ಟ್ಸನು ತಪ್ಪಾಗಿ ನೋಡಲಿಲ್ಲ. ಫಲಕಗಳಿಗೆ ಕೊಟ್ಟ ವಿಭವಾಂತರದಿಂದ ನಡುವೆ ಕ್ಷೇತ್ರವೂ ಉಳಿದಿದೆಯೆಂದು ಭಾವಿಸಿದನು. ಪಠ್ಯಪುಸ್ತಕದಲ್ಲಿ ‘ಏಕರೂಪ ಕ್ಷೇತ್ರ’ ಎಂಬುದು ದತ್ತಾಂಶ; ಪ್ರಯೋಗಶಾಲೆಯಲ್ಲಿ ಅದು ಸಾಧಿಸಿ, ಪರೀಕ್ಷಿಸಿ ಪಡೆಯಬೇಕಾದ ಸ್ಥಿತಿ. ನಿರೀಕ್ಷಿಸಿದ ಫಲ ಕಾಣದಾದಾಗ ಕಣವನ್ನು ಅಲ್ಲಗಳೆಯುವ ಮೊದಲು, ಬಲವು ಕಣವನ್ನು ಮುಟ್ಟಿತೇ ಎಂದು ಕೇಳಬೇಕು. ಪರವಲಯದ ಸೂತ್ರದೊಡನೆ ಈ ಪ್ರಶ್ನೆಯನ್ನೂ ನಾವು ವಿದ್ಯಾರ್ಥಿಗಳಿಗೆ ಕಲಿಸಿದರೆ ಪಾಠವು ಪೂರ್ಣವಾದೀತು.