ಕರ್ನೆಲ್ ಬದಲಾಗುವ ಮೊದಲು

ಗಣಕಯಂತ್ರವನ್ನು ದಿನವೂ ಬಳಸುವವರಲ್ಲಿ ಬಹುಮಂದಿಗೆ ಕರ್ನೆಲ್ಲಿನ ಪರಿಚಯವಾಗುವ ಸಂದರ್ಭವೇ ಒದಗುವುದಿಲ್ಲ. ಅವರು ಕಾಣುವುದು ಪರದೆಯ ಮೇಲಿನ ಅಕ್ಷರಗಳನ್ನು, ಚಿತ್ರಗಳನ್ನು, ಗುಂಡಿಗಳನ್ನು. ಇವೆಲ್ಲದರ ಕೆಳಗೆ, ಯಂತ್ರದ ಸ್ಮೃತಿಯನ್ನು ನಾನಾ ಕಾರ್ಯಕ್ರಮಗಳಿಗೆ ಹಂಚುತ್ತ, ಯಾವುದು ಎಷ್ಟು ಹೊತ್ತು ಪ್ರೊಸೆಸರನ್ನು ಉಪಯೋಗಿಸತಕ್ಕದ್ದೆಂಬುದನ್ನು ನಿರ್ಣಯಿಸುತ್ತ, ಡಿಸ್ಕಿನಿಂದ ಓದುವ, ಜಾಲಕ್ಕೆ ಕಳುಹಿಸುವ, ಕೀಲಿಮಣೆಯ ಒಂದೊಂದು ಒತ್ತನ್ನೂ ಗ್ರಹಿಸುವ ಅಧಿಕಾರವನ್ನೆಲ್ಲ ತನ್ನ ವಶದಲ್ಲಿಟ್ಟುಕೊಂಡಿರುವ ಭಾಗವೊಂದುಂಟು. ಕಾರ್ಯಾಚರಣ ವ್ಯವಸ್ಥೆಯ ಆ ಮೂಲಭಾಗವೇ ಕರ್ನೆಲ್. ಹೊಸ ಯಂತ್ರಾಂಶವು ಮಾರುಕಟ್ಟೆಗೆ ಬಂದಂತೆ, ಹಳೆಯದರಲ್ಲಿ ಭದ್ರತೆಯ ದೋಷಗಳು ಕಂಡುಬಂದಂತೆ, ಅದನ್ನು ತೆಗೆದು ಹೊಸದನ್ನು ಪ್ರತಿಷ್ಠಾಪಿಸಬೇಕಾಗುವುದು ಅನಿವಾರ್ಯ.

ಲಿನಕ್ಸ್ ವ್ಯವಸ್ಥೆಯಲ್ಲಿ ಕರ್ನೆಲ್ಲಿನ ಮುಖ್ಯಭಾಗವು ಡಿಸ್ಕಿನ ಮೇಲೆ ಒಂದೇ ಕಡತವಾಗಿ ಕುಳಿತಿರುವುದರಿಂದ, ಆ ಕಡತವನ್ನು ಬದಲಿಸಿ ಯಂತ್ರವನ್ನು ಪುನಃ ಚಾಲನೆಗೊಳಿಸಿದರೆ ಕಾರ್ಯವು ಮುಗಿಯಿತೆಂದು ಭಾವಿಸುವುದು ಸಹಜವೇ. ಈ ಭಾವನೆಗೆ ಆಧಾರವಿಲ್ಲದೆಯೂ ಇಲ್ಲ. ಕಾರ್ಯಕ್ರಮವೊಂದು ಕಡತವನ್ನು ತೆರೆಯಬೇಕಾದಾಗ, ಸ್ಮೃತಿಯನ್ನು ಬೇಡಬೇಕಾದಾಗ, ನಿಯತವಾದ ಕೆಲವು ಕರೆಗಳ ಮೂಲಕ ಕರ್ನೆಲ್ಲಿಗೆ ವಿಜ್ಞಾಪಿಸಿಕೊಳ್ಳುತ್ತದೆ. ಈ ಕರೆಗಳ ಅರ್ಥವನ್ನು ಕೆಡಿಸಿ, ನೆನ್ನೆ ನಡೆಯುತ್ತಿದ್ದ ಕಾರ್ಯಕ್ರಮವು ಇಂದು ನಿಲ್ಲುವಂತೆ ಮಾಡಕೂಡದೆಂಬುದು ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಹಟಹಿಡಿದು ಕಾಪಾಡಿಕೊಂಡು ಬಂದಿರುವ ನಿಯಮ. ಹಲವು ವರ್ಷಗಳ ಹಿಂದೆ ಬರೆದ ಲೆಕ್ಕಪತ್ರದ ಕಾರ್ಯಕ್ರಮವೊಂದು ಇಂದಿನ ಕರ್ನೆಲ್ಲಿನ ಮೇಲೂ ನಿರಾತಂಕವಾಗಿ ನಡೆಯುವುದಾದರೆ ಅದಕ್ಕೆ ಈ ನಿಯಮವೇ ಕಾರಣ.

ಆದರೆ ಕರ್ನೆಲ್ಲಿಗೂ ಇಂಥ ಸಾಮಾನ್ಯ ಕಾರ್ಯಕ್ರಮಗಳಿಗೂ ನಡುವೆ ಇನ್ನೊಂದು ವರ್ಗವುಂಟು. ಕರ್ನೆಲ್ಲಿನೊಳಕ್ಕೆ ಚಾಲಕ ತಂತ್ರಾಂಶವನ್ನು ಸೇರಿಸುವವು, ಸಾಧನಗಳಿಗೆ ಹೆಸರು ಕೊಡುವವು, ಡಿಸ್ಕಿನ ವಿಭಾಗಗಳನ್ನು ಜೋಡಿಸುವವು, ಕಡತವ್ಯವಸ್ಥೆಯ ಆರೋಗ್ಯವನ್ನು ಪರೀಕ್ಷಿಸುವವು, ಯಂತ್ರದೊಳಗೆ ಯಾವ ಯಾವ ಕೆಲಸಗಳು ನಡೆಯುತ್ತಿವೆಯೆಂದು ವರದಿ ಮಾಡುವವು. ಇವು ಕರ್ನೆಲ್ಲಿನ ಹೊರಗೇ ಇದ್ದರೂ ಅದರ ಅಂತರಂಗವನ್ನು ಬಲ್ಲವು. ಬಲ್ಲವಾದ್ದರಿಂದಲೇ, ಆ ಅಂತರಂಗವು ಬದಲಾದ ದಿನ ಎಲ್ಲಕ್ಕಿಂತ ಮೊದಲು ತೊಂದರೆಗೆ ಸಿಕ್ಕುವವೂ ಇವೇ. ಕರ್ನೆಲ್ಲನ್ನು ಬದಲಿಸುವವನ ಶ್ರಮವೆಲ್ಲ ವಾಸ್ತವವಾಗಿ ಸಲ್ಲಬೇಕಾದದ್ದು ಈ ಪರಿವಾರಕ್ಕೆ.

ಇದಕ್ಕೆ ಲಿನಕ್ಸ್ ಕರ್ನೆಲ್ಲಿನ 2.4ರ ಸರಣಿಯಿಂದ 2.6ಕ್ಕೆ ನಡೆದ ಸಂಕ್ರಮಣಕ್ಕಿಂತ ಉತ್ತಮವಾದ ನಿದರ್ಶನವು ನನಗೆ ತೋರದು. 2.4 ಹೊರಬಂದದ್ದು 2001ರ ಜನವರಿಯಲ್ಲಿ; 2.6 ಬಂದದ್ದು 2003ರ ಡಿಸೆಂಬರಿನಲ್ಲಿ. ನಡುವಣ 2.5ರ ಪ್ರಯೋಗಸರಣಿಯಲ್ಲಿ ಕರ್ನೆಲ್ಲಿನ ಒಳಗೆ ಆದ ಮಾರ್ಪಾಡುಗಳು ಅಸಂಖ್ಯವಾಗಿದ್ದವು. ಅವುಗಳಲ್ಲಿ ಮಾಡ್ಯೂಲುಗಳಿಗೆ ಸಂಬಂಧಪಟ್ಟ ಮಾರ್ಪಾಡನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಪ್ರಪಂಚದಲ್ಲಿರುವ ಸಕಲ ಯಂತ್ರಾಂಶಗಳ ಚಾಲಕಗಳನ್ನೂ ಕರ್ನೆಲ್ಲು ಸದಾಕಾಲ ಹೊತ್ತು ತಿರುಗುವುದು ಸ್ಮೃತಿಯ ಅಪವ್ಯಯವಾದ್ದರಿಂದ, ಒಂದೊಂದು ಚಾಲಕವನ್ನೂ ಮಾಡ್ಯೂಲೆಂಬ ಪ್ರತ್ಯೇಕ ಕಡತವಾಗಿ ಡಿಸ್ಕಿನಲ್ಲಿಟ್ಟು, ಬೇಕಾದುದನ್ನು ಬೇಕಾದಾಗ ಒಳಕ್ಕೆ ಕರೆದುಕೊಳ್ಳುವ ಏರ್ಪಾಡಿದೆ. ಹೀಗೆ ಒಳಬರುವ ಮಾಡ್ಯೂಲಿಗೆ ಕರ್ನೆಲ್ಲಿನ ಯಾವ ಯಾವ ಉಪಕಾರ್ಯಗಳು ಸ್ಮೃತಿಯ ಯಾವ ಯಾವ ವಿಳಾಸದಲ್ಲಿವೆಯೆಂದು ತಿಳಿಸಿ, ಅದರೊಳಗಿನ ಉಲ್ಲೇಖಗಳನ್ನೆಲ್ಲ ಆ ವಿಳಾಸಗಳಿಗೆ ಜೋಡಿಸಬೇಕು. 2.4ರ ಕಾಲದಲ್ಲಿ ಈ ಜೋಡಣೆಯ ಕೆಲಸವು ಕರ್ನೆಲ್ಲಿನದಾಗಿರಲಿಲ್ಲ. ಇನ್‌ಸ್‌ಮಾಡ್ ಎಂಬ ಹೊರಗಿನ ಸಲಕರಣೆಯು ಕರ್ನೆಲ್ಲನ್ನು ಕೇಳಿ ವಿಳಾಸಗಳ ಪಟ್ಟಿಯನ್ನು ಪಡೆದು, ತಾನೇ ಎಲ್ಲವನ್ನೂ ಹೊಂದಿಸಿ, ಸಿದ್ಧವಾದ ಮಾಡ್ಯೂಲನ್ನು ಒಳಕ್ಕೆ ಒಪ್ಪಿಸುತ್ತಿತ್ತು. ಆಸ್ಟ್ರೇಲಿಯದ ರಸ್ಟಿ ರಸೆಲ್ ಎಂಬ ತಂತ್ರಜ್ಞರು 2002ರಲ್ಲಿ ಈ ಕ್ರಮವನ್ನು ತಿರುವುಮುರುವು ಮಾಡಿದರು. ಜೋಡಣೆಯ ಕೆಲಸವು ಕರ್ನೆಲ್ಲಿನೊಳಕ್ಕೆ ಹೋಯಿತು. ಹೊರಗಿನ ಸಲಕರಣೆಗೆ ಉಳಿದದ್ದು ಕಡತವನ್ನು ಇದ್ದಂತೆಯೇ ತಂದು ಕೊಡುವ ಊಳಿಗ ಮಾತ್ರ. ಸ್ಥಳವನ್ನು ಬೇಡುವುದಕ್ಕೂ ವಿಳಾಸಗಳನ್ನು ವಿಚಾರಿಸುವುದಕ್ಕೂ ಇದ್ದ ಮೂರು ಕರೆಗಳನ್ನು ತೆಗೆದುಹಾಕಲಾಯಿತು. ನಾಲ್ಕನೆಯದು ಹೆಸರಿನಲ್ಲಿ ಹಾಗೆಯೇ ಉಳಿದು ಅರ್ಥದಲ್ಲಿ ಬೇರೆಯಾಯಿತು.

ಟೊರ್ವಾಲ್ಡ್ಸರ ನಿಯಮವು ಇಲ್ಲಿ ಸಡಿಲವಾಯಿತೆಂಬುದನ್ನು ಮರೆಮಾಚಬೇಕಾದ್ದಿಲ್ಲ. ಹಳೆಯ ಸಲಕರಣೆಗಳನ್ನೇ ಇಟ್ಟುಕೊಂಡು 2.6ನ್ನು ಚಾಲನೆ ಮಾಡಿದವರಿಗೆ, ಸಲಕರಣೆಯು ಕೇಳಿದ ಕಾರ್ಯವು ಇಲ್ಲಿ ಅಳವಟ್ಟಿಲ್ಲವೆಂಬ ಒಂದು ಸಾಲಿನ ದೂರು ಪರದೆಯ ಮೇಲೆ ಕಾಣುತ್ತಿತ್ತು; ಅದರ ಹಿಂದೆಯೇ ಜಾಲದ ಕಾರ್ಡು, ಧ್ವನಿಯ ಕಾರ್ಡು ಮೊದಲಾದವು, ಚಾಲಕವನ್ನು ಪಡೆಯಲಾರದೆ ಮೂಕವಾಗುತ್ತಿದ್ದವು. ಜಾಲವಿಲ್ಲದ ಯಂತ್ರಕ್ಕೆ ಹೊಸ ಸಲಕರಣೆಯನ್ನು ಜಾಲದಿಂದ ತರಿಸಿಕೊಳ್ಳುವ ಉಪಾಯವೂ ಇಲ್ಲವೆಂಬುದನ್ನು ಎಷ್ಟೋ ಮಂದಿ ಆ ಘಳಿಗೆಯಲ್ಲಿ ಅರಿತಿರಬೇಕು.

ರಸೆಲ್ಲರು ಕರ್ನೆಲ್ಲನ್ನು ಬದಲಿಸಿದಷ್ಟಕ್ಕೆ ನಿಲ್ಲಲಿಲ್ಲ. ‘ಮಾಡ್ಯೂಲ್ ಇನಿಟ್ ಟೂಲ್ಸ್’ ಎಂಬ ಹೊಸ ಸಲಕರಣೆಗಳ ಸಮೂಹವನ್ನು ರಚಿಸಿದಾಗ ಅವರು ತೋರಿದ ವಿವೇಕವನ್ನು ನಾನು ಮಾಡ್ಯೂಲುಗಳ ಹೊಸ ರಚನೆಗಿಂತಲೂ ಹೆಚ್ಚಾಗಿ ಮೆಚ್ಚುತ್ತೇನೆ. ಇದನ್ನು ಸ್ಥಾಪಿಸುವಾಗ ಹಳೆಯ ಸಲಕರಣೆಗಳನ್ನು ಅಳಿಸದೆ, ಹೆಸರಿನ ತುದಿಗೆ ‘ಓಲ್ಡ್’ ಎಂಬುದೊಂದು ಪ್ರತ್ಯಯವನ್ನು ಸೇರಿಸಿ ಪಕ್ಕದಲ್ಲಿಯೇ ಇಟ್ಟುಕೊಳ್ಳುವ ಅನುಕೂಲವಿತ್ತು. ಹೊಸ ಇನ್‌ಸ್‌ಮಾಡ್ ಚಾಲಿತವಾದಾಗ, ತಾನು ನಿಂತಿರುವುದು ಹಳೆಯ ಕರ್ನೆಲ್ಲಿನ ಮೇಲೆ ಎಂದು ಗೊತ್ತಾದರೆ, ಏನೊಂದನ್ನೂ ಮಾಡಹೋಗದೆ ಕೆಲಸವನ್ನು ಆ ವೃದ್ಧನಿಗೆ ಒಪ್ಪಿಸಿ ತಾನು ಹಿಂದೆ ಸರಿಯುತ್ತಿತ್ತು. ಹಳೆಯ ಸಂರಚನೆಯ ಕಡತವನ್ನು ಓದಿ ಹೊಸ ವಿಧಾನದ ಕಡತವನ್ನು ಸಿದ್ಧಮಾಡುವ ಪುಟ್ಟ ಸ್ಕ್ರಿಪ್ಟೊಂದನ್ನೂ ಜೊತೆಗೆ ಕೊಟ್ಟಿದ್ದರು. ಇದರಿಂದಾಗಿ 2.4ರ ಮೇಲೆಯೇ ನಿಂತು, ಯಾವ ಆತುರವೂ ಇಲ್ಲದೆ, ಹೊಸ ಸಲಕರಣೆಗಳನ್ನು ಸ್ಥಾಪಿಸಿ, ಕೆಲವು ದಿನ ಹಳೆಯ ಕರ್ನೆಲ್ಲಿನೊಡನೆಯೇ ಬಾಳಿ, ಆಮೇಲೆ 2.6ಕ್ಕೆ ಕಾಲಿಡಬಹುದಾಗಿತ್ತು, ಅಲ್ಲಿ ಸರಿಬೀಳದಿದ್ದರೆ 2.4ಕ್ಕೆ ಹಿಂದಿರುಗಬಹುದಾಗಿತ್ತು. ತೊಟ್ಟಿಮನೆಯ ಕಂಬವನ್ನು ಬದಲಿಸುವ ಬಡಗಿಯು ಮೊದಲು ತೊಲೆಗೆ ಕೊಡುವ ಆಸರೆಯು ಹಳೆಯ ಕಂಬವಿರುವಾಗಲೂ, ಕಂಬವೇ ಇಲ್ಲದಿರುವಾಗಲೂ, ಹೊಸ ಕಂಬ ಬಂದು ನಿಂತಾಗಲೂ ಸಮನಾಗಿ ಹೊರೆಯನ್ನು ಹೊರತಕ್ಕದ್ದಷ್ಟೆ. ಕರ್ನೆಲ್ಲಿನ ವಿಷಯದಲ್ಲಿಯೂ ಪೂರ್ವಸಿದ್ಧತೆಯೆಂದು ಕರೆಯಿಸಿಕೊಳ್ಳಲು ಯೋಗ್ಯವಾದದ್ದು ಹಳೆಯದರ ಮೇಲೂ ಹೊಸದರ ಮೇಲೂ ನಡೆಯುವಂಥ ಸಿದ್ಧತೆಯೊಂದೇ, ಮಿಕ್ಕದ್ದು ಸಾಹಸ.

ಇಲ್ಲಿ ಸೂಕ್ಷ್ಮವಾದ ಒಂದು ಬಲೆಯಿದೆ. ಡಿಸ್ಕನ್ನು ಓದಲು ಬೇಕಾದ ಚಾಲಕವೇ ಮಾಡ್ಯೂಲಾಗಿ ಆ ಡಿಸ್ಕಿನಲ್ಲಿ ಕುಳಿತಿದ್ದರೆ ಕರ್ನೆಲ್ಲು ಅದನ್ನು ಓದುವುದೆಂತು? ಈ ಅನ್ಯೋನ್ಯಾಶ್ರಯವನ್ನು ಪರಿಹರಿಸಲು ಇನಿಟ್‌ಆರ್‌ಡಿ ಎಂಬ ಚಿಕ್ಕದೊಂದು ತಾತ್ಕಾಲಿಕ ಕಡತವ್ಯವಸ್ಥೆಯನ್ನು ಬೂಟ್ ಲೋಡರು, ಎಂದರೆ ಯಂತ್ರವನ್ನು ತೆರೆದಾಗ ಕರ್ನೆಲ್ಲನ್ನು ಎತ್ತಿಕೊಡುವ ಕಾರ್ಯಕ್ರಮವು, ಕರ್ನೆಲ್ಲಿನ ಜೊತೆಯಲ್ಲಿಯೇ ಸ್ಮೃತಿಗೆ ತಂದಿಡುತ್ತದೆ. ಅವಶ್ಯವಾದ ಚಾಲಕಗಳೂ ಅವನ್ನು ಸೇರಿಸುವ ಸಲಕರಣೆಯ ಒಂದು ಪ್ರತಿಯೂ ಅದರೊಳಗಿರುತ್ತವೆ. ಡಿಸ್ಕಿನ ಮೇಲಿನ ಇನ್‌ಸ್‌ಮಾಡನ್ನು ನವೀಕರಿಸಿದವನು, ಈ ಪೆಟ್ಟಿಗೆಯೊಳಗೆ ಹಳೆಯ ಪ್ರತಿಯು ಇನ್ನೂ ಉಳಿದಿರುವುದನ್ನು ಮರೆತನಾದರೆ, ಅವನ ಯಂತ್ರವು ಮೂಲ ಕಡತವ್ಯವಸ್ಥೆಯನ್ನು ಕಾಣಲಾರದೆ ಅರ್ಧದಾರಿಯಲ್ಲಿಯೇ ನಿಲ್ಲುತ್ತದೆ. ಸಲಕರಣೆ, ಆಮೇಲೆ ಕರ್ನೆಲ್, ಆಮೇಲೆ ಅವೆರಡರಿಂದ ಹೊಸದಾಗಿ ಕಟ್ಟಿದ ಇನಿಟ್‌ಆರ್‌ಡಿ: ಈ ಅನುಕ್ರಮವನ್ನು ತಪ್ಪಿಸುವಂತಿಲ್ಲ.

ಸಾಧನಗಳ ನಾಮಕರಣದ ಕಥೆಯು ಇಷ್ಟು ಸುಖಕರವಾದುದಲ್ಲ. 2.4ರಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆಗೆ ಹದಿನಾರು ಬಿಟ್‌ಗಳು ಮಾತ್ರ ಇದ್ದು, ಪ್ರಧಾನಸಂಖ್ಯೆಗೆ ಎಂಟು, ಉಪಸಂಖ್ಯೆಗೆ ಎಂಟು ಎಂದು ಹಂಚಿಹೋಗಿದ್ದವು. ಒಂದು ಚಾಲಕದ ಕೆಳಗೆ 256ಕ್ಕೆ ಮೀರಿ ಸಾಧನಗಳನ್ನು ಹೆಸರಿಸುವುದು ಕಷ್ಟವಾಗಿತ್ತು. 2.6ರಲ್ಲಿ ಇದು ಮೂವತ್ತೆರಡು ಬಿಟ್‌ಗಳಾಗಿ ಹಿಗ್ಗಿ, ಪ್ರಧಾನಕ್ಕೆ ಹನ್ನೆರಡೂ ಉಪಕ್ಕೆ ಇಪ್ಪತ್ತೂ ದೊರೆತವು. ಕರ್ನೆಲ್ಲು ತಾನು ಕಂಡ ಸಾಧನಗಳ ವಿವರವನ್ನೆಲ್ಲ ಸಿಸ್‌ಎಫ್‌ಎಸ್ ಎಂಬ ಹೊಸ ಕಡತವ್ಯವಸ್ಥೆಯಲ್ಲಿ ಪ್ರಕಟಿಸತೊಡಗಿತು. ಅದನ್ನು ಆಧಾರವಾಗಿಟ್ಟುಕೊಂಡು, ಹೆಸರಿಡುವ ಅಧಿಕಾರವನ್ನು ಕರ್ನೆಲ್ಲಿನಿಂದ ಹೊರಕ್ಕೆ ತರುವ ಯೂಡೆವ್ ಎಂಬ ಸಲಕರಣೆಯನ್ನು ಗ್ರೆಗ್ ಕ್ರೋ-ಹಾರ್ಟ್‌ಮನ್ 2003ರಲ್ಲಿ ರಚಿಸಿ, ಆ ವರ್ಷ ಆಟವಾದಲ್ಲಿ ನಡೆದ ಲಿನಕ್ಸ್ ವಿಚಾರಸಂಕಿರಣದಲ್ಲಿ ಅದರ ತತ್ತ್ವವನ್ನು ವಿವರಿಸಿದರು. ಮಾಡ್ಯೂಲಿನ ವಿಷಯದಲ್ಲಿ ಕೆಲಸವು ಹೊರಗಿನಿಂದ ಒಳಕ್ಕೆ ಹೋದರೆ, ಇಲ್ಲಿ ಒಳಗಿನಿಂದ ಹೊರಕ್ಕೆ ಬಂದಿತು.

ಯೂಡೆವ್ ಮತ್ತು ಕರ್ನೆಲ್ಲುಗಳೆರಡೂ ಬೆಳೆಯುತ್ತಿದ್ದ ಆ ವರ್ಷಗಳಲ್ಲಿ ಒಂದರ ಹೆಜ್ಜೆಗೆ ಇನ್ನೊಂದರ ಹೆಜ್ಜೆ ಕೂಡುತ್ತಿರಲಿಲ್ಲ. ಡೆಬಿಯನ್ ಎಂಬ ಪ್ರಸಿದ್ಧ ಲಿನಕ್ಸ್ ವಿತರಣೆಯ ‘ಎಚ್’ ಆವೃತ್ತಿಯು 2007ರ ಏಪ್ರಿಲಿನಲ್ಲಿ ಬಂದಾಗ ಅದರೊಳಗಿನ ಯೂಡೆವ್ 2.6.15ಕ್ಕಿಂತ ಹಿಂದಿನ ಯಾವ ಕರ್ನೆಲ್ಲನ್ನೂ ಒಪ್ಪುತ್ತಿರಲಿಲ್ಲ. ಹಿಂದಿನ ಆವೃತ್ತಿಯ ಯಂತ್ರಗಳಲ್ಲಿದ್ದದ್ದಾದರೋ 2.6.8. ಸರಿ, ಮೊದಲು ಕರ್ನೆಲ್ಲನ್ನೇ ಬದಲಿಸೋಣವೆಂದರೆ ಹಳೆಯ ಯೂಡೆವ್ ಹೊಸ ಕರ್ನೆಲ್ಲಿನೊಡನೆ ಸರಿಯಾಗಿ ನಡೆಯುತ್ತಿರಲಿಲ್ಲ. ಯಾವುದನ್ನು ಮೊದಲು ಮಾಡಿದರೂ ತಪ್ಪೇ. ಎರಡನ್ನೂ ಒಟ್ಟಿಗೆ ಸ್ಥಾಪಿಸಿ, ತಡಮಾಡದೆ ಯಂತ್ರವನ್ನು ಪುನಃ ಚಾಲನೆಗೊಳಿಸಿರೆಂದು ಬಿಡುಗಡೆಯ ಟಿಪ್ಪಣಿಯಲ್ಲಿ ಎಚ್ಚರಿಸುವುದರ ಹೊರತು ಡೆಬಿಯನ್ನಿನವರಿಗೆ ಗತ್ಯಂತರವಿರಲಿಲ್ಲ. ಎದುರಿಗೆ ಕುಳಿತ ಯಂತ್ರವಾದರೆ ಚಿಂತೆಯಿಲ್ಲ. ದೂರದ ಊರಿನ ಯಾವುದೋ ಕೊಠಡಿಯಲ್ಲಿರುವ, ಜಾಲದ ಮೂಲಕ ಮಾತ್ರ ಮುಟ್ಟಬಹುದಾದ ಯಂತ್ರವನ್ನು ಹೀಗೆ ಮೇಲ್ದರ್ಜೆಗೇರಿಸುವವನ ಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಬಹುದು.

ಮಿಕ್ಕ ಬದಲಾವಣೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ಡಿಸ್ಕುಗಳನ್ನು ಕೂಡಿಸಿ ತಾರ್ಕಿಕ ವಿಭಾಗಗಳನ್ನಾಗಿ ಮಾಡುವ ಎಲ್‌ವಿಎಂನ ಹಳೆಯ ಚಾಲಕವು 2.6ರಲ್ಲಿ ಇರಲಿಲ್ಲ, ಎರಡನೆಯ ಪೀಳಿಗೆಯ ಸಲಕರಣೆಗಳು ಬೇಕಾಗಿದ್ದವು, ಆದರೆ ಅವು ಹಳೆಯ ವಿಭಾಗಗಳನ್ನೂ ಓದಬಲ್ಲವಾಗಿದ್ದುದರಿಂದ ದತ್ತಾಂಶಕ್ಕೆ ಹಾನಿಯಿರಲಿಲ್ಲ. ಸ್ಮೃತಿಯ ಲೆಕ್ಕವನ್ನು ತೋರಿಸುವ ಕಡತದ ಶಿರೋಭಾಗದಲ್ಲಿದ್ದ ಹಳೆಯ ಕೋಷ್ಟಕವು ಮಾಯವಾಗಿ, ಅದನ್ನೇ ನಂಬಿಕೊಂಡಿದ್ದ ಕಾರ್ಯಕ್ರಮಗಳು ದಿಕ್ಕುತಪ್ಪಿದವು. ಧ್ವನಿಗೆ ಆಲ್ಸಾ ಎಂಬ ಹೊಸ ವ್ಯವಸ್ಥೆ ಬಂದು, ಅದರ ಧ್ವನಿಮಾರ್ಗಗಳೆಲ್ಲ ಆರಂಭದಲ್ಲಿ ಮೌನವಾಗಿರುತ್ತಿದ್ದುದರಿಂದ, ಕಾರ್ಡೇ ಕೆಟ್ಟಿತೆಂದು ಭ್ರಮಿಸಲು ಅವಕಾಶವಾಯಿತು. ಎಲ್ಲಕ್ಕಿಂತ ವಿಚಿತ್ರವಾದದ್ದು ಕಪ್ಪುಪರದೆಯ ಪ್ರಕರಣ: ಕೀಲಿಮಣೆಗೂ ಪರದೆಯ ಕನ್ಸೋಲಿಗೂ ಸಂಬಂಧಿಸಿದ ಆಯ್ಕೆಗಳು ಹೊಸ ಕರ್ನೆಲ್ಲಿನಲ್ಲಿ ಸ್ಥಾನ ಬದಲಿಸಿದ್ದುದರಿಂದ, 2.4ರ ಸಂರಚನೆಯನ್ನೇ ನಕಲುಮಾಡಿಕೊಂಡವರ ಕರ್ನೆಲ್ಲು ಒಳಗೆ ಕ್ಷೇಮವಾಗಿ ನಡೆಯುತ್ತಿದ್ದರೂ ಹೊರಗೆ ಒಂದಕ್ಷರವೂ ಮೂಡುತ್ತಿರಲಿಲ್ಲ. 2002ರ ಅಕ್ಟೋಬರ್ 31ರಂದು ಹೊಸ ಲಕ್ಷಣಗಳ ಸೇರ್ಪಡೆಗೆ ಮಿತಿ ಹಾಕಿದ ಮೇಲೆ, ಡೇವ್ ಜೋನ್ಸ್ ಎಂಬ ಕರ್ನೆಲ್ ತಂತ್ರಜ್ಞರು ಇಂಥ ಅಪಾಯಗಳನ್ನೆಲ್ಲ ಕಲೆಹಾಕಿ ಬರೆದಿಟ್ಟ ದಸ್ತಾವೇಜು ಅಂದು ಬಹುಜನರಿಗೆ ದಾರಿದೀಪವಾಯಿತು.

ಕರ್ನೆಲ್ಲಿನ ಮೂಲಪಾಠದೊಳಗೇ ‘ಚೇಂಜಸ್’ ಎಂಬ ಕಡತವೊಂದಿದೆ. ಯಾವ ಸಲಕರಣೆಯ ಯಾವ ಆವೃತ್ತಿಯಾದರೂ ಇರಲೇಬೇಕು, ಇರುವುದನ್ನು ತಿಳಿಯಲು ಯಾವ ಆಜ್ಞೆಯನ್ನು ಕೊಡಬೇಕು ಎಂಬುದು ಅದರಲ್ಲಿ ಕೋಷ್ಟಕವಾಗಿ ಬರೆದಿದೆ. 2.6ರ ಪಟ್ಟಿಯಲ್ಲಿ ಕಂಪೈಲರು ಕನಿಷ್ಠ 2.95.3, ಎಕ್ಸ್ಟ್2 ಕಡತವ್ಯವಸ್ಥೆಯ ಪರೀಕ್ಷಕ ಸಲಕರಣೆಗಳು 1.29, ರೈಸರ್‌ಎಫ್‌ಎಸ್‌ನವು 3.6.3 ಎಂದಿತ್ತು. ಪಟ್ಟಿಯಲ್ಲಿರುವುದೆಲ್ಲ ಎಲ್ಲರಿಗೂ ಬೇಕೆಂದಲ್ಲ. ಐಎಸ್‌ಡಿಎನ್ ಯಂತ್ರಾಂಶವಿಲ್ಲದವನು ಅದರ ಸಲಕರಣೆಗಾಗಿ ಚಿಂತಿಸಬೇಕಾದ್ದಿಲ್ಲ. ಕರ್ನೆಲ್ಲನ್ನು ಕಟ್ಟುವುದಕ್ಕೆ ಬೇಕಾದುವು ಕೆಲವು, ಕಟ್ಟಿದ್ದನ್ನು ನಡೆಸುವುದಕ್ಕೆ ಬೇಕಾದುವು ಕೆಲವು. ಮೊದಲ ವರ್ಗದಲ್ಲಿ ಕೊರತೆಯಾದರೆ ಕಂಪೈಲರು ಅಲ್ಲಿಯೇ ಹೇಳುತ್ತದೆ. ಎರಡನೆಯದರ ಕೊರತೆಯು ಗೊತ್ತಾಗುವುದು ಯಂತ್ರವು ಮತ್ತೆ ಏಳದಿದ್ದಾಗ. ಗಮನವನ್ನು ಹೆಚ್ಚಾಗಿ ಕೊಡಬೇಕಾದದ್ದು ಯಾವುದಕ್ಕೆಂದು ಬೇರೆ ಹೇಳಬೇಕಿಲ್ಲ.

ಒಳಗೆ ದೊಡ್ಡ ಬದಲಾವಣೆಯೇನೂ ಇಲ್ಲದೆ ಸಂಖ್ಯೆಯೊಂದೇ ಬದಲಾದರೂ ಉಪದ್ರವವಾಗಬಹುದೆಂಬುದಕ್ಕೆ 2011ರ ಜುಲೈ ಸಾಕ್ಷಿ. 2.6.39ರ ಮುಂದಿನದನ್ನು ಟೊರ್ವಾಲ್ಡ್ಸ್ 3.0 ಎಂದು ಕರೆದರು. ಆವೃತ್ತಿಯು ಎಂದೆಂದಿಗೂ 2.6 ಎಂದೇ ಆರಂಭವಾಗುವುದೆಂದು ನಂಬಿ ಬರೆದ ಕಾರ್ಯಕ್ರಮಗಳು ಇದರಿಂದ ಮುಗ್ಗರಿಸಿದವು. ಅವುಗಳ ಸಮಾಧಾನಕ್ಕಾಗಿ, ಕೇಳಿದಾಗ ತನ್ನನ್ನು 2.6.40 ಎಂಬ ರೀತಿಯಲ್ಲಿ ಪರಿಚಯಿಸಿಕೊಳ್ಳುವ ವಿಶೇಷ ವೇಷವೊಂದನ್ನು ಕರ್ನೆಲ್ಲಿಗೆ ತೊಡಿಸಬೇಕಾಯಿತು.

ಇಂದು ಮಾಡ್ಯೂಲ್ ಇನಿಟ್ ಟೂಲ್ಸಿನ ಸ್ಥಾನದಲ್ಲಿ ಕೆಮಾಡ್ ಇದೆ; ಯೂಡೆವ್ ಸಿಸ್ಟಂಡಿ ಎಂಬ ವ್ಯವಸ್ಥಾಪಕ ತಂತ್ರಾಂಶದೊಳಕ್ಕೆ ಸೇರಿಹೋಗಿದೆ; ಆವೃತ್ತಿಗಳನ್ನು ಹೊಂದಿಸುವ ಶ್ರಮವನ್ನು ವಿತರಣೆಯ ಪ್ಯಾಕೇಜ್ ವ್ಯವಸ್ಥೆಯೇ ವಹಿಸಿಕೊಳ್ಳುತ್ತದೆ. ಆದರೂ ಕರ್ನೆಲ್ಲನ್ನು ಸ್ವತಃ ಬದಲಿಸಹೊರಟ ವಾಚಕರಲ್ಲಿ ಎರಡು ವಿಜ್ಞಾಪನೆಗಳಿವೆ. ಡಿಸ್ಕುಗಳನ್ನು ಕರ್ನೆಲ್ಲು ಕೊಟ್ಟ ಹೆಸರಿನಿಂದ ಉಲ್ಲೇಖಿಸದೆ ಯುಯುಐಡಿ ಎಂಬ ಅವುಗಳ ಸ್ಥಿರವಾದ ಗುರುತುಸಂಖ್ಯೆಯಿಂದ ಉಲ್ಲೇಖಿಸಿರಿ. 2007ರ ಸುಮಾರಿಗೆ ಚಾಲಕವು ಬದಲಾಗಿ ಎಚ್‌ಡಿಎ ಎಂದಿದ್ದ ಡಿಸ್ಕುಗಳು ಎಸ್‌ಡಿಎ ಆದಾಗ, ಯುಯುಐಡಿಯಿಂದ ಬರೆದಿಟ್ಟಿದ್ದವರ ಯಂತ್ರಗಳಿಗೆ ಹೆಸರಿನ ಆ ಬದಲಾವಣೆ ತಟ್ಟಲಿಲ್ಲ. ಮತ್ತು ಹೊಸ ಕರ್ನೆಲ್ಲು ಕೆಲವು ಬಾರಿಯಾದರೂ ಸರಿಯಾಗಿ ಏಳುವುದನ್ನು ಕಾಣುವತನಕ, ಹಳೆಯ ಕರ್ನೆಲ್ಲನ್ನೂ ಅದರ ಇನಿಟ್‌ಆರ್‌ಡಿಯನ್ನೂ ಬೂಟ್ ಲೋಡರಿನ ಪಟ್ಟಿಯಿಂದ ತೆಗೆಯಬೇಡಿರಿ.