ದೂರದ ಬೆಟ್ಟಕ್ಕೆ ಯಾವ ಬಣ್ಣ?

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ದಾರಿಯಲ್ಲಿ ನಿಂತು ನೋಡಿದರೆ ಬೆಟ್ಟಗಳು ಒಂದರ ಹಿಂದೊಂದು ಕಾಣುತ್ತವೆ. ಸಮೀಪದ ಬಂಡೆ ಕಂದು, ಅದರಾಚೆಯದು ಬೂದು, ಕೊನೆಯದು ತಿಳಿನೀಲಿ. ಹತ್ತಿರ ಹೋದರೆ ಆ ನೀಲಿ ಬೆಟ್ಟವೂ ಕಂದುಬಂಡೆಯೇ! ಹಾಗಾದರೆ ಜಲವರ್ಣದ ಪೆಟ್ಟಿಗೆ ಹಿಡಿದು ಪ್ರವಾಸ ಹೊರಟ ವಿದ್ಯಾರ್ಥಿಯು ಅದಕ್ಕೆ ಯಾವ ಬಣ್ಣ ಹಚ್ಚಬೇಕು?

ನೀಲಿಯೇ ಸರಿ. ಆದರೆ ಆ ನೀಲಿಯಿರುವುದು ಬೆಟ್ಟದಲ್ಲಲ್ಲ, ನಮಗೂ ಬೆಟ್ಟಕ್ಕೂ ನಡುವಣ ಗಾಳಿಯಲ್ಲಿ. ಗಾಳಿಯ ಅಣುಗಳು ಬಿಸಿಲನ್ನು ಚದರಿಸುತ್ತವೆ. ಬೆಳಕಿನ ಅಲೆ ಗಿಡ್ಡವಾದಷ್ಟೂ ಚದರಿಕೆ ಹೆಚ್ಚು. ಮುಂದೆ ಲಾರ್ಡ್ ರ್ಯಾಲೆ ಎನಿಸಿದ ಸ್ಟ್ರಟ್ ಎಂಬ ವಿಜ್ಞಾನಿಯು 1871ರಲ್ಲಿ ಇದರ ನಿಯಮವನ್ನು ತಿಳಿಸಿದನು. ಅದರಂತೆ ನೀಲಿ ಬೆಳಕು ಕೆಂಪಿಗಿಂತ ಸುಮಾರು 4 ಪಟ್ಟು ಹೆಚ್ಚಾಗಿ ಚದರುತ್ತದೆ. ದೂರ ಬೆಳೆದಂತೆ ನಡುವಣ ಗಾಳಿಯೂ ಅದರ ನೀಲಿಯೂ ಬೆಳೆಯುತ್ತವೆ. ಕಲ್ಲಿನ ಬಿರುಕು, ನೆರಳು ಮಾಸುತ್ತವೆ.

ಜಲವರ್ಣದಲ್ಲಿ ಬೆಳಕು ತೆಳುಬಣ್ಣವನ್ನು ದಾಟಿ, ಬಿಳಿಯ ಕಾಗದಕ್ಕೆ ತಾಗಿ, ಹಿಂತಿರುಗಿ ನಮ್ಮ ಕಣ್ಣನ್ನು ಸೇರುತ್ತದೆ. ಕಾಗದವೇ ಇಲ್ಲಿ ದೀಪ. ಒಮ್ಮೆ ಗಾಢವಾದುದನ್ನು ಮತ್ತೆ ತಿಳಿಗೊಳಿಸುವುದು ಕಷ್ಟ. ಆದುದರಿಂದ ಆಕಾಶವನ್ನೂ ದೂರದ ಬೆಟ್ಟವನ್ನೂ ಹೆಚ್ಚು ನೀರು ಬೆರೆಸಿ ಮೊದಲು ಬರೆಯಬೇಕು. ಸಮೀಪದ ಬಂಡೆಯನ್ನೂ ಶ್ರೀನಿವಾಸಪುರದ ಮಾವಿನ ತೋಪಿನ ಕಡುಹಸುರನ್ನೂ ಕೊನೆಗೆ ಬರೆಯಬೇಕು.

ಬೇಸಗೆಯ ಒಣಗಾಳಿಯಲ್ಲಿ ಮತ್ತೊಂದು ತೊಡಕುಂಟು. ಬಣ್ಣ ಬೇಗ ಆರಿ ಅಂಚಿನಲ್ಲಿ ಕಪ್ಪುಗೆರೆ ಉಳಿಯುತ್ತದೆ. ಕಾಗದಕ್ಕೆ ಅಂಟಿದ ಅಂಚಿನಿಂದ ನೀರು ಆವಿಯಾದಂತೆ, ಆ ನಷ್ಟವನ್ನು ತುಂಬಲು ನಡುವಿನ ನೀರು ಹೊರಕ್ಕೆ ಹರಿದು ಬಣ್ಣದ ಕಣಗಳನ್ನು ಅಲ್ಲಿಗೆ ಒಯ್ಯುತ್ತದೆ. ಶಿಕಾಗೋ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1997ರಲ್ಲಿ ಒಣಗಿದ ಕಾಫಿಯ ಕಲೆಯನ್ನು ವಿವರಿಸಿದ್ದು ಹೀಗೆಯೇ. ಇದಕ್ಕೆ ಉಪಾಯ ಸುಲಭ: ಬೇಕಾದಷ್ಟು ಬಣ್ಣವನ್ನು ಮೊದಲೇ ಕಲಸಿಟ್ಟುಕೊಳ್ಳಿರಿ, ಕಾಗದವನ್ನು ಶುದ್ಧ ನೀರಿನಿಂದ ತೇವಗೊಳಿಸಿರಿ, ಹಲಗೆಯನ್ನು ತುಸು ಓರೆಯಾಗಿ ಹಿಡಿದು, ನೆರಳಿನಲ್ಲಿ ಕುಳಿತು ಬರೆಯಿರಿ. ನಡುಹಗಲಿಗಿಂತ ಬೆಳಗೂ ಸಂಜೆಯೂ ಮೇಲು; ಆಗ ನೆರಳು ನೀಳವಾಗಿ ಬಂಡೆಯ ಉಬ್ಬುತಗ್ಗು ಚೆನ್ನಾಗಿ ತೋರುತ್ತದೆ.

ಚಿತ್ರದ ಕೆಳಗೆ ಸ್ಥಳ, ದಿನಾಂಕ, ವೇಳೆ, ನೋಡಿದ ದಿಕ್ಕು ಇವಿಷ್ಟನ್ನೂ ಬರೆದಿಡಿರಿ. ಮಾಲೂರು ತಾಲ್ಲೂಕಿನ ಟೇಕಲ್ಲಿನ ಸುತ್ತ ಕಲ್ಲಿನ ಗಣಿಗಾರಿಕೆ ನಡೆದಿದೆ. ಒಡೆದ ಬೆಟ್ಟ ಮತ್ತೆ ಬೆಳೆಯದು. ಅದರ ಮೈಕಟ್ಟು ಹೇಗಿತ್ತೆಂದು ನಾಳೆ ಯಾರಾದರೂ ಕೇಳಿದರೆ, ಕಂಡದ್ದನ್ನು ಕಂಡಂತೆಯೇ ಬರೆದ ವಿದ್ಯಾರ್ಥಿಯ ಹಾಳೆಯೊಂದು ಉತ್ತರ ಹೇಳಬಲ್ಲುದು.